ಕೇಳಿ ಮುಡಿ ತೆಗೆಯುತ್ತಿದ್ದ ಹನುಮಂತಣ್ಣ

ಹನುಮಂತಣ್ಣ ಯಾರ ತಲೆಗೂ ಕೇಳದೆ ಕತ್ತಿ ಇಟ್ಟವರಲ್ಲ. ಮುಂದೆ ಕುಳಿತದ್ದು ಎಂಬತ್ತರ ಅಜ್ಜನಿರಲಿ, ಅವ್ವನ ಮಡಿಲಲ್ಲಿ ಕೈಕಾಲು ಬಡಿಯುವ ಕೂಸಿರಲಿ, ಬೆಚ್ಚಗಿನ ನೀರು ತಟ್ಟಿ, ನೆತ್ತಿಯ ಮೇಲೆ ಅಂಗೈ ಇಟ್ಟು, "ಏನಪ್ಪ, ತೆಗೀಲಾ?" ಎಂದು ಕೇಳುತ್ತಿದ್ದರು. ಕೇಳಿದ ಶಾಸ್ತ್ರ ಮಾಡಿ ಕೆಲಸ ಶುರುಮಾಡುವ ಪೈಕಿಯಲ್ಲ, ಉತ್ತರಕ್ಕೆ ಕಾಯುತ್ತಿದ್ದರು. ಕೂಸು ಏನು ಉತ್ತರ ಕೊಟ್ಟೀತು? ಅಳು ನಿಲ್ಲಿಸಿ ಒಂದು ಗಳಿಗೆ ಅವರ ಮುಖ ನೋಡಿದರೆ ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತಿದ್ದರು. ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಅವರು ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವೆ, ಗುಡ್ಡದ ಬುಡದಲ್ಲಿರುವ ಆ ಕ್ಷೇತ್ರದ ಹೆಸರು ನಾನು ಬರೆಯುವುದಿಲ್ಲ. ಬರೆದರೆ ದೇವರ ಮೇಲೆ ದೂರು ಹೇಳುತ್ತಿದ್ದೇನೆ ಎಂದುಕೊಂಡಾರು. ನನ್ನ ಸಿಟ್ಟು ದೇವರ ಮೇಲಲ್ಲ. ಶ್ರಾವಣ ಶನಿವಾರಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿರಿಯೂರು, ಚಿತ್ರದುರ್ಗದ ಕಡೆಯಿಂದ ಬಸ್ಸು ತುಂಬಿ ಬರುತ್ತಾರೆ. ಕುರಿ ಹಟ್ಟಿಗಳಿಂದ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಡೆದೇ ಬರುವವರೂ ಇದ್ದಾರೆ. ಮೊದಲು ಮುಡಿ, ಆಮೇಲೆ ಹೊಂಡದಲ್ಲಿ ಸ್ನಾನ, ದರ್ಶನ, ಕೊನೆಗೆ ದಾಸೋಹದಲ್ಲಿ ಅನ್ನ, ಸಾರು, ಕಡಲೆಬೇಳೆ ಪಾಯಸ. ಬೋಳುತಲೆಗೆ ಗಂಧ ಬಳಿದುಕೊಂಡ ಅಪ್ಪ ಮಕ್ಕಳು ಸಾಲಾಗಿ ಕುಳಿತು ಪಾಯಸ ಸುರಿಯುವುದನ್ನು ನೋಡುವುದೇ ಒಂದು ಚೆಂದ.

ಹೊಂಡದ ಪಕ್ಕದ ಕಲ್ಲುಕಟ್ಟೆಗೆ ಮುಡಿಕಟ್ಟೆ ಎನ್ನುತ್ತಾರೆ. ಅಲ್ಲಿ ಏಳೆಂಟು ಜನ ಕ್ಷೌರದವರು ಕೂರುತ್ತಿದ್ದರು. ಹನುಮಂತಣ್ಣನ ಜಾಗ ಮೂಲೆಯಲ್ಲಿ. ಅವರ ತಂದೆಯೂ ಅಲ್ಲಿಯೇ ಕೂತವರು. ದಿನವಿಡೀ ನೀರಿನಲ್ಲಿದ್ದು ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಉಳಿದವರು ನಲ್ಲಿಯ ತಣ್ಣೀರು ಚಿಮುಕಿಸುತ್ತಿದ್ದರೆ ಇವರು ಎದುರಿನ ಟೀ ಅಂಗಡಿಯಿಂದ ಬಿಸಿನೀರು ತಂದಿಟ್ಟುಕೊಳ್ಳುತ್ತಿದ್ದರು. ಒಂದು ತಲೆಗೆ ಹಾಕಿದ ಬ್ಲೇಡನ್ನು ಇನ್ನೊಂದು ತಲೆಗೆ ಹಾಕುತ್ತಿರಲಿಲ್ಲ. ಯಾರೋ ಯಾಕೆಂದು ಕೇಳಿದ್ದಕ್ಕೆ, "ಒಬ್ರು ಉಂಡ ಎಲೇಲಿ ಇನ್ನೊಬ್ರಿಗೆ ಬಡಿಸ್ತೀರೇನ್ರಿ?" ಎಂದಿದ್ದರು.

ನಾನು ಅವರನ್ನು ಮೊದಲು ಕಂಡದ್ದು ನನ್ನ ತಲೆ ಬೋಳಿಸಲು ಕರೆದುಕೊಂಡು ಹೋದ ದಿನ.

ಮದುವೆಯಾಗಿ ಎರಡನೆಯ ವರ್ಷ. ನನ್ನವರಿಗೆ ಕಾಮಾಲೆ ಬಂದು, ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮಲಗಿ, ಉಳಿದದ್ದೇ ಹೆಚ್ಚು ಎನ್ನುವಂತಾಗಿತ್ತು. ನಮ್ಮತ್ತೆಗೆ ಇದ್ದದ್ದು ಒಬ್ಬನೇ ಮಗ. ಮಗ ಎದ್ದು ಓಡಾಡಿದರೆ ಸೊಸೆಯ ಮುಡಿ ಕೊಡುತ್ತೇನೆಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹರಕೆ ಹೊತ್ತಿದ್ದರಂತೆ. ಅವರು ಅದನ್ನು ನನಗೆ ಹೇಳಿದ್ದು ಶ್ರಾವಣದ ಎರಡನೇ ಶನಿವಾರ, ಹೊಸದುರ್ಗದಲ್ಲಿ ಬಸ್ಸು ಹತ್ತಿ ಕೂತಮೇಲೆ. ನಾನು ಗಂಡನ ಮುಖ ನೋಡಿದೆ. ಅವರು ಕಿಟಕಿಯ ಹೊರಗೆ ನೋಡಿದರು. ಅವರಿಗೆ ಮೊದಲೇ ಗೊತ್ತಿತ್ತು.

ನನ್ನ ಜಡೆ ಸೊಂಟ ದಾಟಿತ್ತು. ನನ್ನ ತವರು ಮಾರಿಕಣಿವೆಯ ಕಡೆ, ಕುರಿ ಸಾಕುವ ಮನೆ. ಅವ್ವ ಹರಳೆಣ್ಣೆ ಹಚ್ಚಿ ಬಾಚಿ ಬೆಳೆಸಿದ ಕೂದಲು. ಅದಲ್ಲದೆ ನಾನಾಗ ಟೀಚರ್ ಟ್ರೈನಿಂಗ್‌ನಲ್ಲಿದ್ದೆ, ಸೋಮವಾರ ಶಾಲೆಯೊಂದರಲ್ಲಿ ಮಕ್ಕಳ ಮುಂದೆ ನಿಲ್ಲಬೇಕಿತ್ತು. ಆದರೆ ಕಾರಣಗಳೇಕೆ? ತಲೆ ನನ್ನದು. ಬೇಡ ಎನ್ನುವುದಕ್ಕೆ ಅಷ್ಟು ಸಾಕಾಗಬೇಕಿತ್ತು. ಅಂದು ಬಸ್ಸಿನಲ್ಲಿ ನಾನು ಆ ಒಂದು ಮಾತು ಹೇಳಲಿಲ್ಲ.

ಮುಡಿಕಟ್ಟೆಯಲ್ಲಿ ಉದ್ದನೆಯ ಸಾಲು. ನಾವು ಕೊನೆಯಲ್ಲಿದ್ದೆವು. ಆ ದೇವಸ್ಥಾನದಲ್ಲಿ ಬೀಳುವ ಕೂದಲನ್ನು ಹರಾಜಿನಲ್ಲಿ ಕೊಳ್ಳುವ ಗುತ್ತಿಗೆದಾರನೊಬ್ಬನಿದ್ದ. ಅವನ ಕಡೆಯ ಮೇಸ್ತ್ರಿ ಚೀಲ ಹಿಡಿದು ಓಡಾಡುತ್ತಿದ್ದವನು ನನ್ನ ಜಡೆ ಕಂಡು ನಿಂತ. ಗಂಡಸರ, ಮಕ್ಕಳ ಕೂದಲಿಗೆ ಅಷ್ಟು ಬೆಲೆಯಿಲ್ಲ, ಉದ್ದ ಜಡೆಗೆ ಉಂಟು ಎಂಬುದು ನನಗೆ ಆಮೇಲೆ ತಿಳಿಯಿತು. "ಅಮ್ಮಾರನ್ನ ಮುಂದಕ್ಕೆ ಬಿಡ್ರಿ" ಎಂದು ಸಾಲನ್ನು ಸರಿಸಿ, ಕೂಸು ಹೊತ್ತು ಬಿಸಿಲಲ್ಲಿ ನಿಂತ ಬಾಣಂತಿಯರನ್ನೂ ದಾಟಿಸಿ, ನನ್ನನ್ನು ಹನುಮಂತಣ್ಣನ ಮುಂದೆ ಕೂರಿಸಿದ. ನನ್ನನ್ನು ಕೇಳದೆ ಜಡೆಯ ಬುಡಕ್ಕೆ ದಾರ ಬಿಗಿದು ಕಟ್ಟಿದ. ಕೂದಲು ಚೆದುರಬಾರದಲ್ಲ. ಕುರಿಯ ತುಪ್ಪಟ ಕತ್ತರಿಸುವ ಮೊದಲು ನಮ್ಮಪ್ಪ ಅದರ ಬೆನ್ನು ಸವರಿ ನಾಲ್ಕು ಮಾತಾಡುತ್ತಿದ್ದ. ನನಗೆ ಅಷ್ಟೂ ಇರಲಿಲ್ಲ. ಆ ದಾರದ ಬಿಗಿತವನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಹನುಮಂತಣ್ಣ ನೆತ್ತಿಗೆ ನೀರು ತಟ್ಟಿ ಕೇಳಿದರು. "ತೆಗೀಲೇನವ್ವ?"

ಅವರು ಕಾದರು. ಮತ್ತೆ ಕೇಳಿದರು. ಹಿಂದಿನಿಂದ ಅತ್ತೆ, "ತೆಗಿಯಪ್ಪ, ತೆಗಿ. ಹರಕೆ ಐತೆ" ಎಂದರು.

"ನಾನು ಕೇಳಿದ್ದು ನಿಮ್ಮನ್ನಲ್ಲ ತಾಯಿ" ಎಂದರು ಹನುಮಂತಣ್ಣ. ಆಮೇಲೆ ನನಗೆ, "ಹೇಳವ್ವ. ಹೂಂ ಅಂದ್ರೂ ಸರಿ, ಊಹೂಂ ಅಂದ್ರೂ ಸರಿ. ನಾನು ಕಾಯ್ತೀನಿ."

ನನಗೆ ಅದುವರೆಗೆ ಯಾರೂ ಹಾಗೆ ಹೇಳಿರಲಿಲ್ಲ. ಮದುವೆಗೆ ಒಪ್ಪಿಗೆ ಕೇಳಿದಾಗಲೂ ಹೂಂ ಎನ್ನುವುದಕ್ಕೆ ಮಾತ್ರ ಕಾದಿದ್ದರು. "ಬ್ಯಾಡ" ಎಂದೆ. ದನಿ ಎಷ್ಟು ಸಣ್ಣಗಿತ್ತೆಂದರೆ ಅವರು ಬಗ್ಗಿ ಕೇಳಿಸಿಕೊಂಡರು. ಕೇಳಿಸಿಕೊಂಡವರೇ ಕತ್ತಿಯನ್ನು ಮಡಿಸಿ ಕೆಳಗಿಟ್ಟು, ಜಡೆಗೆ ಕಟ್ಟಿದ್ದ ದಾರವನ್ನು ಬಿಚ್ಚಿದರು.

ಮೇಸ್ತ್ರಿ ಬಂದ. "ಲೇ ಹನುಮಂತ, ನಿನ್ ಕೆಲ್ಸ ತೆಗಿಯೋದು. ಪಂಚಾಯ್ತಿ ಮಾಡೋದಲ್ಲ" ಎಂದ. ಅಪ್ಪನ ವಯಸ್ಸಿನವರಿಗೆ ಲೇ ಎಂದ ಅವನು. ಪಕ್ಕದಲ್ಲಿದ್ದ ಇನ್ನೊಬ್ಬ ಕ್ಷೌರದವನಿಗೆ ನನ್ನನ್ನು ತೋರಿಸಿ, "ನೀನು ತೆಗಿ" ಎಂದ. ಆತ ಹನುಮಂತಣ್ಣನ ಮುಖ ನೋಡಿ, "ನನ್ ಕೈ ಖಾಲಿ ಇಲ್ರಿ" ಎಂದು ತನ್ನ ಮುಂದಿದ್ದ ಹುಡುಗನ ತಲೆಗೆ ಎರಡನೆಯ ಸಲ ನೀರು ಹಾಕಿದ.

ಅತ್ತೆ ಅಳುವುದಕ್ಕೆ ಶುರುಮಾಡಿದ್ದರು. "ಹರಕೆ ತಪ್ಪಿದ್ರೆ ನನ್ ಮಗುಂಗೆ ಏನಾದ್ರೂ ಆದ್ರೆ ನೀನು ಬರ್ತೀಯೇನಪ್ಪ?"

"ಹರಕೆ ಯಾಕೆ ತಪ್ಪಬೇಕು ತಾಯಿ? ಹೊತ್ತೋರು ಯಾರು?"

"ನಾನೇ."

"ಹಂಗಾರೆ ನೀವು ಕುಂತ್ಕಳ್ರಿ."

ನನ್ನ ಗಂಡ ಅವ್ವನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅತ್ತೆ ಬಹಳ ಹೊತ್ತು ಹೊಂಡದ ನೀರನ್ನೇ ನೋಡುತ್ತ ನಿಂತಿದ್ದರು. ಆಮೇಲೆ ತುರುಬು ಬಿಚ್ಚಿ, ನನ್ನನ್ನು ಪಕ್ಕಕ್ಕೆ ಸರಿಸಿ ಕೂತರು. ಹನುಮಂತಣ್ಣ ಅವರ ನೆತ್ತಿಯ ಮೇಲೂ ಕೈಯಿಟ್ಟು ಕೇಳಿದರು. ಅತ್ತೆ ಸಿಟ್ಟಿನಲ್ಲೇ, "ಹೂಂ, ತೆಗಿ" ಎಂದರು. ಅಷ್ಟು ಮೆತ್ತಗೆ, ಅಷ್ಟು ನಿಧಾನವಾಗಿ ಹನುಮಂತಣ್ಣ ಇನ್ಯಾರ ತಲೆಯನ್ನೂ ಬೋಳಿಸಿದ್ದನ್ನು ನಾನು ಕಾಣೆ. ನರೆತ ಗಿಡ್ಡ ಕೂದಲನ್ನು ಮೇಸ್ತ್ರಿ ಕಾಲಿನಿಂದಲೇ ಚೀಲದ ಕಡೆ ತಳ್ಳಿದ.

ಅತ್ತೆ ಮನೆಗೆ ಬಂದಮೇಲೆ ನನ್ನೊಡನೆ ಮಾತು ಬಿಟ್ಟರು. ತಿಂಗಳು ಕಳೆದಿತ್ತು. ಕ್ಷೇತ್ರಕ್ಕೆ ಹೋಗಿ ಬಂದ ನಮ್ಮೂರಿನ ಹೆಂಗಸೊಬ್ಬಳು, ಹನುಮಂತಣ್ಣ ಕಟ್ಟೆಯ ಮೇಲಿಲ್ಲ, ಭಕ್ತರ ಹರಕೆಗೆ ಅಡ್ಡ ಬಂದರೆಂದು ದೇವಸ್ಥಾನದ ಸಮಿತಿಯವರು ತೆಗೆದುಹಾಕಿದ್ದಾರೆ ಎಂದು ಹೇಳಿದಳು. ಅತ್ತೆ ಮರುದಿನ ಬೆಳಿಗ್ಗೆ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತು, "ಹೊರಡು, ಹೋಗಾಣ" ಎಂದರು. ತಿಂಗಳ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಅದು.

ಸಮಿತಿಯ ಕೋಣೆಯಲ್ಲಿ ಅಧ್ಯಕ್ಷರು ಫ್ಯಾನಿನ ಕೆಳಗೆ ಕೂತಿದ್ದರು. "ಭಕ್ತರಿಂದ ದೂರು ಬಂದೈತಮ್ಮ" ಎಂದರು.

"ಯಾವ ಭಕ್ತರು? ಅವತ್ತು ಹರಕೆ ಹೊತ್ತಿದ್ದು ನಾನು. ನಾನು ದೂರು ಕೊಟ್ಟಿಲ್ಲ" ಎಂದ ಅತ್ತೆ ಸೆರಗು ಹಿಂದಕ್ಕೆ ಸರಿಸಿ, ಬೆರಳಗಲ ಬೆಳೆದಿದ್ದ ಬಿಳಿಗೂದಲಿನ ತಲೆಯನ್ನು ಅವರ ಮುಂದೆ ಬಗ್ಗಿಸಿದರು. "ನೋಡ್ರಿ. ಹರಕೆ ತೀರೈತೋ ಇಲ್ವೋ ನೋಡ್ರಿ."

ಆ ದೊಡ್ಡ ಮನುಷ್ಯ ನೋಡಲಿಲ್ಲ. ಊರಿಗೆ ಹಿರಿಯಳಾದ ಹೆಂಗಸೊಬ್ಬಳು ಬೋಳಾದ ತಲೆ ಬಗ್ಗಿಸಿ ನಿಂತಿದ್ದರೆ ಆತ ಫೋನು ನೋಡುತ್ತಿದ್ದ. "ಇದು ಆಡಳಿತದ ವಿಚಾರ ಕಣಮ್ಮ. ಪ್ರಸಾದ ತಗಂಡು ಹೋಗ್ರಿ" ಎಂದು ಎರಡು ಪೊಟ್ಟಣ ಮುಂದೆ ತಳ್ಳಿದ. ಅತ್ತೆ ಪೊಟ್ಟಣಗಳನ್ನು ಕಣ್ಣಿಗೊತ್ತಿಕೊಂಡು ಮತ್ತೆ ಮೇಜಿನ ಮೇಲಿಟ್ಟರು. "ದ್ಯಾವ್ರದ್ದು ಅಂತ ಕಣ್ಣಿಗೊತ್ಕಂಡೆ. ನಿಮ್ ಕೈಯಿಂದ ಬ್ಯಾಡ." ಪ್ರಸಾದ ಬಿಟ್ಟು ಬಂದದ್ದಕ್ಕೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತರು. ನಾನು ಅವರ ಕೈ ಹಿಡಿದುಕೊಂಡು ಕೂತಿದ್ದೆ.

ಹನುಮಂತಣ್ಣನಿಗೆ ಕಟ್ಟೆ ಮತ್ತೆ ಸಿಗಲಿಲ್ಲ. ಅವರ ಜಾಗದ ಹಿಂದಿನ ಗೋಡೆಗೆ ಒಂದು ಫಲಕ ಬಂತು: ಮುಡಿ ತೆಗೆಯುವವರು ಭಕ್ತರೊಂದಿಗೆ ಅನವಶ್ಯಕವಾಗಿ ಮಾತನಾಡತಕ್ಕದ್ದಲ್ಲ. ಅನವಶ್ಯಕ. ಆ ಪದವನ್ನು ಬರೆದವರು ಯಾರೆಂದು ಇವತ್ತಿಗೂ ನನಗೆ ಕೇಳಬೇಕೆನಿಸುತ್ತದೆ.

ಹನುಮಂತಣ್ಣ ಹೊಳಲ್ಕೆರೆಯಲ್ಲಿ ಮಾರುಕಟ್ಟೆಯ ಹಿಂದೆ ಒಂದೇ ಕುರ್ಚಿಯ ಅಂಗಡಿ ಇಟ್ಟರು. ನನಗೂ ಹೊಳಲ್ಕೆರೆ ತಾಲ್ಲೂಕಿನಲ್ಲೇ ಶಾಲೆ ಸಿಕ್ಕಿತು. ಮಗಳ ಮೊದಲ ಮುಡಿಗೆ ಮೂರನೇ ವರ್ಷದಲ್ಲಿ ಅವರ ಅಂಗಡಿಗೇ ಕರೆದುಕೊಂಡು ಹೋದೆ. ಅವರು ಕೇಳಿದರು, ಮಗಳು "ಬ್ಯಾಡ" ಎಂದಳು. "ಇನ್ನೊಂದ್ ಸಲ ಬರ್ರಿ" ಎಂದು ನಮ್ಮನ್ನು ವಾಪಸು ಕಳಿಸಿದರು. ಎರಡನೇ ಸಲವೂ ಹಾಗೆಯೇ ಆಯಿತು. ಮೂರನೇ ಸಲ ಅವಳಾಗಿಯೇ ಕುರ್ಚಿ ಹತ್ತಿ ಕೂತು ಹೂಂ ಎಂದಳು. ಕೂದಲನ್ನು ಬಾಳೆಲೆಯಲ್ಲಿ ಮಡಿಸಿ ನನ್ನ ಕೈಗಿಟ್ಟು, ಕ್ಷೇತ್ರಕ್ಕೆ ಮುಟ್ಟಿಸಲು ಹೇಳಿದರು. ನಾನು ಅಲ್ಲಿಗೆ ಕಾಲಿಡುವುದಿಲ್ಲ ಎಂದೆ.

"ಅವ್ರ ಮ್ಯಾಲಿನ ಸಿಟ್ಟಿಗೆ ದ್ಯಾವ್ರನ್ಯಾಕೆ ಬಿಡ್ತೀಯ ತಂಗಿ? ನಾನೇ ಪ್ರತಿ ಶ್ರಾವಣ ಹೋಗ್ತೀನಿ. ಸಾಲಿನಾಗೆ ನಿಂತು ಕೈ ಮುಗಿದು, ಪಾಯಸ ಉಂಡು ಬರ್ತೀನಿ."

ಅವರ ಮೇಲೂ ನನಗೆ ಸಿಟ್ಟು ಬಂತು. "ನಿಮಗೆ ಏನೂ ಅನಿಸೋದೇ ಇಲ್ವಾ?" ಎಂದು ಕೇಳಿದೆ.

ಅವರು ಕತ್ತಿ ಒರೆಸಿ ಮಡಿಸಿದರು. "ಅನ್ನಿಸ್ತತೆ. ಆದ್ರೆ ಸಿಟ್ಟಿನ ಕೈಯಾಗೆ ಕತ್ತಿ ಹಿಡಿಬ್ಯಾಡ ಅಂತ ನಮ್ಮಪ್ಪ ಹೇಳಿದ್ದ. ನನಗೆ ದಿನಾ ಕತ್ತಿ ಹಿಡೀಬೇಕಲ್ಲವ್ವ."

ಕೊನೆಯ ಸಲ ಅವರನ್ನು ಕಂಡದ್ದು ಹೋದ ವರ್ಷ, ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ. ಕೈ ನಡುಗುತ್ತಿತ್ತು, ಅಂಗಡಿ ಮುಚ್ಚಿದ್ದರು. "ನಿಮ್ಮತ್ತೆ ಹೆಂಗವ್ರೆ?" ಎಂದು ಕೇಳಿ, "ಅವ್ರ ತಲೆ ಬಾಳ ಚೆಂದ ಕಣವ್ವ. ಎಲ್ಲೂ ಒಂದು ತಗ್ಗಿಲ್ಲ, ಉಬ್ಬಿಲ್ಲ. ಅಂಥ ತಲೆ ಸಿಗೋದು ಅಪರೂಪ" ಎಂದರು. ನಾನು ನಕ್ಕುಬಿಟ್ಟೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಆಷಾಢ ಮುಗಿಯುವ ಮೊದಲೇ ಹನುಮಂತಣ್ಣ ತೀರಿಕೊಂಡರು.

ಈ ವರ್ಷ ಕ್ಷೇತ್ರದಲ್ಲಿ ಹೊಸ ಮುಡಿಮಂಟಪ ಕಟ್ಟಿದ್ದಾರೆ. ಅದಕ್ಕೊಂದು ಸ್ಮರಣ ಸಂಚಿಕೆ. ಹಳೆಯ ಸೇವಕರ ಬಗ್ಗೆ ಬರೆದುಕೊಡಿ ಎಂದು ಸಮಿತಿಯವರು ನನ್ನನ್ನು ಕೇಳಿದಾಗ, ಈಗಲಾದರೂ ಕೇಳಿದರಲ್ಲ ಎಂದು ಎಲ್ಲವನ್ನೂ ಬರೆದುಕೊಟ್ಟೆ. ಅಚ್ಚಿಗೆ ಮೊದಲು ಕಳಿಸಿದ ಹಾಳೆಯಲ್ಲಿ ಕಟ್ಟೆಯ ಮೇಲೆ ನಡೆದದ್ದು, ಅತ್ತೆ ತಲೆ ಬಗ್ಗಿಸಿದ್ದು ಒಂದೂ ಇರಲಿಲ್ಲ. ಅದರ ಬದಲು ಒಂದೇ ಸಾಲು: ಶ್ರೀಯುತರು ಅನಾರೋಗ್ಯದ ಕಾರಣ ಸೇವೆಯಿಂದ ನಿವೃತ್ತಿ ಪಡೆದರು. ಫೋನು ಮಾಡಿದರೆ, "ತೀರ್ಕಂಡೋರ ವಿಷಯ ಮೇಡಂ, ಈಗ್ಯಾಕೆ ಅದೆಲ್ಲ?" ಎಂದರು. ನನ್ನ ಬರಹ ಅಚ್ಚು ಹಾಕುವುದು ಬೇಡವೆಂದು ಹೇಳಿ ಫೋನು ಇಟ್ಟೆ.

ಅದೇ ಸಂಜೆ ಹನುಮಂತಣ್ಣನ ಮನೆಗೆ ಹೋದೆ. ಅವರ ಹೆಂಡತಿ ಗಂಗಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ಅವರಿಗೆ ಓದು ಬಾರದು. ಹಾಳೆಯಲ್ಲಿದ್ದದ್ದನ್ನು ಓದಿ ಹೇಳಿದೆ.

"ನಿವೃತ್ತಿ ಅಂದ್ರೇನವ್ವ?" ಎಂದು ಕೇಳಿದರು.

"ತಾವಾಗೇ ಕೆಲಸ ಬಿಡೋದು" ಎಂದೆ.

ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. ಅವರು ನನ್ನನ್ನು ನೋಡಲಿಲ್ಲ, ಹಾಳೆಯನ್ನು ನೋಡಿದರು.

"ಅವ್ರು ಬಿಡ್ಲಿಲ್ಲ, ಬಿಡಿಸಿದ್ರು" ಎಂದರು. "ಹಂಗೇ ಬರಿ."