ಲಿಂಬೆ ವಾಸನೆಯ ಮರಿ

ಒಂದು ತಿಂಗಳಾಯಿತು. ಆ ಕಬ್ಬಿನ ಟ್ರ್ಯಾಲಿ ದಿನಕ್ಕೆ ನಾಲ್ಕೈದು ಸಲವಾದರೂ ನನ್ನ ಕಣ್ಣಮುಂದೆ ಉರುಳುತ್ತದೆ. ರೊಟ್ಟಿ ಬಡಿಯುವಾಗ, ಹಾಜರಿ ಕರೆಯುವಾಗ, ತಲೆ ಬಾಚಿಕೊಳ್ಳುವಾಗ. ಮೊದಲು ಹಿಂದಿನ ಗಾಲಿ ರಸ್ತೆಯಂಚಿನ ಸಡಿಲ ಮುರುಮು ಮಣ್ಣಿಗೆ ಇಳಿಯುತ್ತದೆ. ಆಮೇಲೆ ಇಡೀ ಹೊರೆ, ನಿದ್ದೆಯಲ್ಲಿರುವ ಮನುಷ್ಯ ಮಗ್ಗಲು ಬದಲಿಸಿದ ಹಾಗೆ, ನಿಧಾನವಾಗಿ ವಾಲುತ್ತದೆ. ಆಮೇಲೆ ಸದ್ದು. ಪ್ರತಿ ಸಲವೂ ಎದೆ ಧಸಕ್ಕೆನ್ನುತ್ತದೆ, ಅದರ ಬೆನ್ನಿಗೇ ನಗು ಉಕ್ಕುತ್ತದೆ. ಯಾಕೆಂದರೆ ಆ ತಿರುವಿನಲ್ಲಿ ಇರಬೇಕಾಗಿದ್ದ ನಾನು ನೂರು ಹೆಜ್ಜೆ ಈಚೆ, ಒಬ್ಬ ಮುದುಕಿಯ ಸೊಂಟಕ್ಕೆ ಕೈಹಾಕಿ ಜಗಳಾಡುತ್ತಿದ್ದೆ.

ನನ್ನ ಗಂಡನಿಗೆ ಈ ಕಥೆ ಕೇಳಿ ಕೇಳಿ ಸಾಕಾಗಿದೆ. "ನೀ ಹೇಳಿದಾಗೊಮ್ಮೆ ಟ್ರ್ಯಾಕ್ಟರ್ ದೊಡ್ಡದಾಗಾಕತ್ತದ," ಎಂದರು ಮೊನ್ನೆ. "ಇನ್ನೊಂದ್ ವಾರದಾಗ ರೈಲಾಗ್ತದ ನೋಡು." ಅದಕ್ಕೇ ಟ್ರ್ಯಾಕ್ಟರ್ ಇದ್ದಷ್ಟೇ ಇರುವಾಗ ಬರೆದಿಡುತ್ತಿದ್ದೇನೆ.

ಬೆಳಿಗ್ಗೆ ನಾನು ಹುಮನಾಬಾದಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮಧ್ಯಾಹ್ನ ಬಸವಕಲ್ಯಾಣದ ಕೋಚಿಂಗ್ ಕ್ಲಾಸಿನಲ್ಲಿ ಎರಡೂಕಾಲರ ಬ್ಯಾಚು. ಸಂಜೆ ಕಲ್ಯಾಣದ ನಮ್ಮ ಮನೆಯಲ್ಲೇ ಟ್ಯೂಷನ್. ನಡುವಿನ ದಾರಿ ಸ್ಕೂಟಿಯ ಮೇಲೆ, ಹೆಲ್ಮೆಟ್ಟಿನೊಳಗೆ ಕಿವಿಗೆ ಸಿಕ್ಕಿಸಿದ ಮೊಬೈಲಿನೊಂದಿಗೆ. ಊಟ ನಿಂತುಕೊಂಡು. ಹಾಲು ಕಾಯುವಷ್ಟರಲ್ಲಿ ಎರಡು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಂದೆರಡರ ಮೇಲೆ ಹಾಲಿನ ಕಲೆಗೂ ಅಂಕ ಬಿದ್ದಿರಬಹುದು. ಗೋರ್ಟಾದಲ್ಲಿ ಅಣ್ಣನ ಮನೆಯಲ್ಲಿರುವ ಅವ್ವ ಕಳಿಸುವ ವಾಯ್ಸ್ ಮೆಸೇಜುಗಳನ್ನು ಎರಡು ಪಟ್ಟು ವೇಗಕ್ಕೆ ಹಾಕಿ ಕೇಳುತ್ತಿದ್ದೆ. ಆ ವೇಗದಲ್ಲಿ ಅವಳು ನಿಟ್ಟುಸಿರು ಬಿಟ್ಟರೂ ಸೀನಿದಂತೆ ಕೇಳುತ್ತಿತ್ತು. ಯಾರಾದರೂ ಹೇಗಿದ್ದೀರಿ ಎಂದರೆ "ಬಿಜಿ" ಎನ್ನುತ್ತಿದ್ದೆ, ಎಂ.ಎ. ಆದ ಮೇಲೆ ಅದೂ ಒಂದು ಪದವಿ ಬಂದವರ ಹಾಗೆ.

ಆ ದಿನ ಹೆದ್ದಾರಿ ಬಿಟ್ಟು ಕಲ್ಯಾಣದ ರಸ್ತೆಗೆ ಹೊರಳಿ ಸ್ವಲ್ಪ ದೂರ ಬಂದಿದ್ದೆ. ಒಂದೂಮುಕ್ಕಾಲು ಗಂಟೆ. ಎದುರಿಗೆ ರಸ್ತೆಯೇ ಕಾಣದಷ್ಟು ಕುರಿ. ಹುಡಗಿ ಎಂಬ ಊರಿನ ಕಡೆಯ ಗಂಡಹೆಂಡತಿ ಹಿಂಡನ್ನು ನಾರಾಯಣಪುರಕ್ಕೆ ಹೊಡೆದುಕೊಂಡು ಹೊರಟಿದ್ದರು. ಅಲ್ಲಿ ಯಾರೋ ತಮ್ಮ ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿ ರಾತ್ರಿ ನಿಲ್ಲಿಸಲು ಕರೆದಿದ್ದರಂತೆ. ಮುದುಕ ಹಿಂಡಿನ ಮುಂದೆ, ಮುದುಕಿ ಹಿಂದೆ. ನಾನು ಹಾರ್ನ್ ಒತ್ತಿದೆ. ಮತ್ತೆ ಒತ್ತಿದೆ.

"ಹಾರ್ನ್ ಹೊಡದ್ರ ಕುರಿಗಿ ರೆಕ್ಕಿ ಮೂಡ್ತಾವೇನವ್ವಾ?" ಎಂದಳು ಮುದುಕಿ, ತಿರುಗಿಯೂ ನೋಡದೆ.

ಹಿಂಡು ರಸ್ತೆ ದಾಟಿ ಪಕ್ಕದ ತೊಗರಿ ಕೂಳೆಯ ಹೊಲಕ್ಕೆ ಇಳಿಯಿತು. ಒಂದು ಕುರಿ ಮಾತ್ರ ನನ್ನ ಮುಂದಿನ ಗಾಲಿಯೆದುರಿಗೇ ಮಲಗಿಬಿಟ್ಟಿತು. ಈಯುವ ಹೊತ್ತಾಗಿತ್ತು. ಮುದುಕಿ ಅದರ ತಲೆ ಹಿಡಿದು ಕೂತಳು. ಕಣ್ಣೆದುರಿಗೇ ಮರಿ ಜಾರಿ ಬಿತ್ತು, ಲೋಳೆಲೋಳೆಯಾಗಿ, ಬಿಸಿಬಿಸಿಯಾಗಿ. "ಅದನ್ನ ರಸ್ತಾದಿಂದ ಜರಾ ಬದೀಗಿ ಸರಸು," ಎಂದಳು ಆಕೆ.

ಸರಿಸಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ನಾನು ಒಂದು ಕೆಲಸದಲ್ಲಿ ಎರಡು ಕೆಲಸ ಮುಗಿಸುವವಳು. ಮೊದಲು ಕೈಗೆ ಸ್ಯಾನಿಟೈಸರ್ ತಿಕ್ಕಿಕೊಂಡೆ. ಮರಿಯನ್ನು ಎತ್ತಿ ಜಾಲಿ ಗಿಡದ ಕೆಳಗೆ ಇಟ್ಟೆ. ಹೇಗೂ ಒರೆಸಬೇಕಲ್ಲ, ಬೇಗ ಮುಗಿಯಲಿ ಎಂದು ಬ್ಯಾಗಿನಿಂದ ಲಿಂಬೆ ವಾಸನೆಯ ಒದ್ದೆ ಟಿಶ್ಯೂ ತೆಗೆದು ಮೂಗಿನಿಂದ ಬಾಲದ ತನಕ ಒರೆಸಿದೆ. ಏಳು ಟಿಶ್ಯೂ ಹಿಡಿಯಿತು. ಮರಿ ಮಿರಿಮಿರಿ ಮಿಂಚತೊಡಗಿತು. ಸ್ಟೇಟಸ್ಸಿಗೆ ಒಂದು ಫೋಟೋ ಕೂಡ ತೆಗೆದೆ.

ಆಗ ತಾಯಿ ಎದ್ದು ಬಂತು. ಮೂಸಿತು. ಸೀನಿತು. ಇನ್ನೊಮ್ಮೆ ಮೂಸಿ, ತಲೆ ತಗ್ಗಿಸಿ, ಮರಿಯನ್ನು ಡಿಕ್ಕಿ ಹೊಡೆದು ಉರುಳಿಸಿತು.

ಮುದುಕಿ ಮರಿಯನ್ನು ಎತ್ತಿ ಮೂಗಿಗೆ ಹಿಡಿದಳು. "ಏನ್ ಮಾಡ್ದಿ ಇದಕ್ಕ?"

"ಸ್ವಚ್ಛ ಮಾಡ್ದೆ ಆಯಿ."

"ಅಯ್ಯ ನಿನ್ನ! ಸ್ವಚ್ಛ ಮಾಡೂದು ತಾಯಿ ನಾಲಿಗಿ ಕೆಲಸ. ನೆಕ್ಕಿ ನೆಕ್ಕಿನೇ ಇದು ನಂದು ಅಂತ ಗುರ್ತ ಹಿಡೀತಾಳ ಅಕಿ. ನೀ ಸೆಂಟ್ ಹೊಡದ್ ಕುಂದ್ರಿಸೀದಿ. ಲಗ್ನಕ್ಕ ಹೊಂಟದೇನ್ ಇದು?"

ಹೊಲದೊಳಗಿಂದ ಮುದುಕ ಕೂಗಿದ: "ಏನಾತಽ?"

"ಮೇಡಂ ಮರೀಗಿ ಜಳಕಾ ಮಾಡಿಸ್ಯಾರ!"

"ಪೌಡರ್ ಹಚ್ಚಂತ ಹೇಳು!"

ನಾನು ನಗಲು ಹೋದೆ. ಮುದುಕಿ ನಗುತ್ತಿರಲಿಲ್ಲ. "ಹೊತ್ತು ಇಳಿಯೋದ್ರಾಗ ಗಿಣ್ಣದ ಹಾಲು ಇದರ ಹೊಟ್ಟಿಗಿ ಹೋಗ್ಬೇಕು," ಎಂದಳು. "ಇಲ್ಲಂದ್ರ ಉಳಿಯಂಗಿಲ್ಲ."

"ಹಿಂಡಿ ಬಾಟಲಿಲೆ ಕುಡಿಸಿದ್ರ?"

"ಇವತ್ತ್ ಕುಡಸ್ತಿ. ನಾಳಿಗಿ? ಸ್ಕೂಟಿ ಹಿಂದ ಕುಂದ್ರಿಸ್ಕೊಂಡು ಕಾಲೇಜಿಗಿ ಒಯ್ತೀಯೇನು?"

ನಾನು ಪರ್ಸ್ ತೆಗೆಯಲು ಹೋದೆ. ಆಕೆ ಕೈಯೆತ್ತಿ ತಡೆದಳು. ಅವರಲ್ಲಿ ಒಂದು ಪದ್ಧತಿಯಂತೆ: ಹಸಿ ಮರಿಗೆ ಯಾರ ಕೈವಾಸನೆ ಹತ್ತಿದೆಯೋ ಅವರು, ತಾಯಿ ಮರಿಯನ್ನು ಒಪ್ಪುವ ತನಕ ಜಾಗ ಬಿಟ್ಟು ಏಳಬಾರದು. ಆ ವಾಸನೆ ಮರಿಯದೂ ಹೌದು, ತನ್ನದೇ ಬಳಗದ್ದೂ ಹೌದು ಎಂದು ತಾಯಿಗೆ ತಿಳಿಯಬೇಕಂತೆ. "ಕುಂದ್ರು," ಎಂದಳು. ನಾನು ಇಸ್ತ್ರಿ ಮಾಡಿದ ಸೀರೆಯಲ್ಲಿ ಮುರುಮಿನ ಮೇಲೆ ಕುಳಿತೆ. ಆಕೆ ತನ್ನ ರೊಟ್ಟಿ ಗಂಟಿನಿಂದ ಉಪ್ಪು ತೆಗೆದು ಮರಿಯ ಬೆನ್ನಿಗೆ ತಿಕ್ಕಿದಳು, ನನ್ನ ಅಂಗೈಗೂ ತಿಕ್ಕಿದಳು. ತಾಯಿಯ ಕೆಚ್ಚಲಿನಿಂದ ನಾಲ್ಕು ಹನಿ ಹಿಂಡಿ ಇಬ್ಬರ ಮೇಲೂ ಸವರಿದಳು. ತಾಯಿ ಐದು ಹೆಜ್ಜೆ ದೂರದಲ್ಲಿ ನಿಂತು ನಮ್ಮಿಬ್ಬರನ್ನೂ ಅಪರಿಚಿತರಂತೆ ನೋಡಿತು.

ಕೋಚಿಂಗ್ ಕ್ಲಾಸಿನ ಸರ್ ಅವರ ಫೋನ್ ಬಂತು.

"ಮೇಡಂ, ಎಲ್ಲಿದ್ದೀರ್ರಿ? ಮಕ್ಕಳೆಲ್ಲಾ ಬಂದ್ ಕುಂತಾರ."

"ಸರ್, ಇಲ್ಲಿ ಒಂದು ಇನ್ನಾ ಎದ್ದಿಲ್ರಿ."

"ಯಾರ್ರಿ?"

"ಕುರಿಮರಿ ಸರ್."

"ಮೇಡಂ, ಜ್ವರ ಬಂದದ ಅಂತರೇ ಹೇಳ್ರಿ, ನಂಬ್ತೀನಿ. ಈಗಿಂದೀಗ ಬರ್ಲಿಲ್ಲಂದ್ರ ಬ್ಯಾಚ್ ಬ್ಯಾರೆದವ್ರಿಗಿ ಕೊಡ್ತೀನಿ ನೋಡ್ರಿ."

ನಾನು ಸಟಕ್ಕನೆ ಎದ್ದೆ. ಎರಡು ವರ್ಷದಿಂದ ಓಡಿ ಓಡಿ ಉಳಿಸಿಕೊಂಡ ಬ್ಯಾಚು. ಸ್ಕೂಟಿ ಏರಿ ಚಾಲೂ ಮಾಡಿದೆ. ಮುದುಕಿ ಬಂದವಳೇ ಕೀಲಿ ಎಳೆದುಕೊಂಡು ಸೊಂಟದ ಸಂಚಿಗೆ ಸೇರಿಸಿದಳು.

"ಆಯಿ, ಕೀಲಿ ಕೊಡು!"

"ಅಕಿ ಮರೀನ ತಗೋಲಿ, ನೀ ಕೀಲಿ ತಗೋ."

"ನನ್ನ ಕ್ಲಾಸ್ ಅದ!"

"ಇದರದೂ ಅದ," ಎಂದಳು, ಮರಿಯ ಕಡೆ ಗದ್ದ ತೋರಿಸಿ.

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಆಕೆಯ ಸೊಂಟಕ್ಕೆ ಕೈಹಾಕಿದೆ. ಆಕೆಗೆ ಕಚಗುಳಿಯಾಯಿತು. ಹಲ್ಲಿಲ್ಲದ ಬಾಯಿ ತೆರೆದು, "ಏ ಬಿಡಽ! ಬಿಡಽ ಹುಚ್ಚಿ!" ಎಂದು ಕುಣಿಯತೊಡಗಿದಳು. ನಾವಿಬ್ಬರೂ ರಸ್ತೆಯ ಬದಿಯಲ್ಲಿ ಕೈಕೈ ಹಿಡಿದು ಫುಗಡಿ ಆಡುವವರಂತೆ ಸುತ್ತುತ್ತಿದ್ದಾಗ, ತಿರುವಿನಲ್ಲಿ ಟ್ರ್ಯಾಕ್ಟರ್ ಕಾಣಿಸಿತು. ಹುಮನಾಬಾದಿನ ಕಡೆ ಕಬ್ಬು ಸಾಗಿಸುವ ಟ್ರ್ಯಾಕ್ಟರು, ಹಿಂದೆ ಎರಡು ಟ್ರ್ಯಾಲಿ.

ಗಾಲಿ ಇಳಿಯಿತು. ಹೊರೆ ವಾಲಿತು. ಹಿಂದಿನ ಟ್ರ್ಯಾಲಿ ಕಳಚಿ ರಸ್ತೆಗೆ ಅಡ್ಡ ಬಿತ್ತು, ಕಬ್ಬಿನ ಕಟ್ಟುಗಳು ಹರಿದು ತಿರುವನ್ನೆಲ್ಲ ತುಂಬಿದವು. ಆಳೆತ್ತರ. ದಿನಾ ಸಮಯ ಉಳಿಸಲು ನಾನು ಒಳಮಗ್ಗಲಿಂದ ಕತ್ತರಿಸಿಕೊಂಡು ಹೋಗುವ ಜಾಗ ಅದೇ. ಕೀಲಿ ನನ್ನ ಕೈಯಲ್ಲಿದ್ದಿದ್ದರೆ ಆಗ ಅಲ್ಲಿರುತ್ತಿದ್ದೆ. ಈ ಲೆಕ್ಕವನ್ನು ನಾನು ನಿಧಾನ ಹೋದಂತೆ, ಜೋರು ಹೋದಂತೆ, ಹೆಲ್ಮೆಟ್ ಹಾಕಿಕೊಳ್ಳಲು ತಡವಾದಂತೆ, ಎಲ್ಲ ರೀತಿಯಲ್ಲೂ ಮಾಡಿ ನೋಡಿದ್ದೇನೆ. ಜೋರು ಹೋದರೂ ಅಲ್ಲೇ, ನಿಧಾನ ಹೋದರೂ ಅಲ್ಲೇ.

ಓಡಿದೆವು. ಧೂಳಿನೊಳಗಿಂದ ಡ್ರೈವರ್ ತಾನೇ ನಡೆದು ಬಂದ, ಮೈಗೆ ಒಂದು ಗೀರೂ ಇಲ್ಲ. ನಮ್ಮನ್ನು ನೋಡಿ ಅವನು ಕೇಳಿದ ಮೊದಲ ಮಾತು: "ನನ್ನ ಇನ್ನೊಂದ್ ಚಪ್ಪಲಿ ನೋಡೀರೇನ್ರಿ?"

ನನಗೆ ನಗು ಬಂತು. ಅಂಥ ನಗು ಹಿಂದೆಂದೂ ಬಂದಿರಲಿಲ್ಲ. ಮುದುಕಿಗೂ ಬಂತು, ಓಡಿ ಬಂದ ಮುದುಕನಿಗೂ ಬಂತು. ಕೊನೆಗೆ ಡ್ರೈವರನೂ ಒಂಟಿ ಚಪ್ಪಲಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಗಡಗಡ ನಡುಗುತ್ತಾ ನಕ್ಕ. ನಾನು ಜಾಲಿ ಗಿಡದ ಹತ್ತಿರ ಬಂದು ಕೂತು, ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಅದರ ಕಾಲುಗಳು ತಣ್ಣಗಾಗುತ್ತಿದ್ದವು. ಫೋನ್ ಬಡಿದುಕೊಳ್ಳುತ್ತಲೇ ಇತ್ತು, ನಾನು ಎತ್ತಲಿಲ್ಲ. ಉಸಿರಾಡುವುದೊಂದೇ ಕೆಲಸವಾಗಿತ್ತು, ಅದನ್ನೂ ಯಾರೋ ಹೊಸದಾಗಿ ಕಲಿಸಿಕೊಟ್ಟಂತೆ ಮಾಡುತ್ತಿದ್ದೆ. ತೊಗರಿ ಕೂಳೆಯ ವಾಸನೆ, ಒಡೆದ ಕಬ್ಬಿನ ಸಿಹಿ, ಮುದುಕಿಯ ಕಂಬಳಿಯ ಕಮಟು, ನಡುವೆ ಸಣ್ಣಗೆ ಲಿಂಬೆ.

ಸದ್ದಿಗೆ ಬೆದರಿ ಓಡಿದ್ದ ತಾಯಿ ತಿರುಗಿ ಬಂತು. ಐದು ಹೆಜ್ಜೆ. ಮೂರು ಹೆಜ್ಜೆ. "ಕದಲಬ್ಯಾಡ," ಎಂದು ಮುದುಕಿ ಪಿಸುಗುಟ್ಟಿದಳು. "ಸಬೂರ್." ಎಷ್ಟು ಹೊತ್ತು ಎಂದು ಗೊತ್ತಿಲ್ಲ, ನಾನು ಗಡಿಯಾರ ನೋಡಲಿಲ್ಲ. ಒರಟಾದ, ಬೆಚ್ಚಗಿನ ನಾಲಿಗೆ ಮೊದಲು ನನ್ನ ಅಂಗೈಯ ಉಪ್ಪು ನೆಕ್ಕಿತು. ಕಚಗುಳಿಯಾಯಿತು, ತುಟಿ ಕಚ್ಚಿ ತಡೆದುಕೊಂಡೆ. ಆಮೇಲೆ ನಾಲಿಗೆ ಮರಿಯ ಬೆನ್ನಿಗೆ ಇಳಿಯಿತು, ಕುತ್ತಿಗೆಗೆ, ಕಿವಿಗೆ. ನನ್ನ ಏಳು ಟಿಶ್ಯೂಗಳ ಶ್ರಮವನ್ನು ಅದು ಇಂಚಿಂಚಾಗಿ ಅಳಿಸಿ ಹಾಕಿತು. ಮರಿ ಎದ್ದು, ಬಿದ್ದು, ಮತ್ತೆ ಎದ್ದು, ಮುಂಗಾಲಿನ ಸಂದಿಯಲ್ಲಿ ಹುಡುಕಿ, ತಪ್ಪಿ, ಕೊನೆಗೆ ಕೆಚ್ಚಲಿಗೆ ಬಾಯಿ ಹಾಕಿತು. ಬಾಲ ಪಟಪಟ ಅಲ್ಲಾಡತೊಡಗಿತು.

ಮುದುಕಿ ಸಂಚಿಯಿಂದ ಕೀಲಿ ತೆಗೆದು ಕೊಟ್ಟಳು. "ಈಗ ಹೋಗು. ಸಾವಕಾಶ ಹೋಗು." ರಸ್ತೆ ತುಂಬ ಕಬ್ಬು ಬಿದ್ದಿತ್ತು, ಹೋಗುವುದಾದರೂ ಎಲ್ಲಿಗೆ? ಆಕೆಯ ಗಂಟಿನ ರೊಟ್ಟಿ, ಹಿಂಡಿ ಚಟ್ನಿ ನಾಲ್ವರೂ ಹಂಚಿಕೊಂಡೆವು. ಮಧ್ಯಾಹ್ನದ ಊಟವನ್ನು ಕುಳಿತು ಮಾಡಿ ನನಗೆ ಬಹಳ ದಿನವಾಗಿತ್ತು.

ಎರಡೂಕಾಲರ ಬ್ಯಾಚು ಈಗ ಬೇರೆಯವರದು. ಸರ್ ಮರುದಿನ ಮನಸ್ಸು ಕರಗಿ ವಾಪಸ್ ಕೊಡಲು ಬಂದರು, ನಾನೇ ಬೇಡವೆಂದೆ. ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಕಾಲೇಜಿನ ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚಿ ಉಣ್ಣುತ್ತೇನೆ, ಆಮೇಲೆ ಮನೆಗೆ ಹೊರಡುತ್ತೇನೆ, ಆ ತಿರುವು ಬಂದಾಗ ಹೊರಮಗ್ಗಲಿಗೆ ಹೋಗುತ್ತೇನೆ ಎಂದೆ. ಅವರಿಗೆ ಅದು ಕೆಲಸವೆಂದು ಅನಿಸಲಿಲ್ಲ.

ಎದೆ ಇನ್ನೂ ಧಸಕ್ಕೆನ್ನುವುದು ನಿಂತಿಲ್ಲ. ಮೊನ್ನೆ ಮದುವೆಯೊಂದರಲ್ಲಿ ಊಟವಾದ ಮೇಲೆ ಲಿಂಬೆಯ ಟಿಶ್ಯೂ ಕೊಟ್ಟರು. ಪೊಟ್ಟಣ ಹರಿದದ್ದೇ ಟ್ರ್ಯಾಲಿ ಮತ್ತೆ ಉರುಳಿತು, ಮರುಕ್ಷಣ ಪಂಕ್ತಿಯಲ್ಲೆಲ್ಲ ಕೇಳುವಂತೆ ನಕ್ಕುಬಿಟ್ಟೆ.

ಅವ್ವನಿಗೆ ಈ ಕಥೆಯನ್ನೆಲ್ಲ ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸಿದ್ದೆ. ಅವಳಿಗೆ ವೇಗ ಹೆಚ್ಚಿಸಲು ಬರುವುದಿಲ್ಲ, ಇಡೀ ಕಥೆ ಕೇಳಿದಳು. ಉತ್ತರ ಬಂತು. ನಾನೂ ಅವಳದೇ ವೇಗದಲ್ಲಿ ಕೇಳಿದೆ. ಮೊದಲು ಬಹಳ ಹೊತ್ತು ಬರೀ ಉಸಿರು. ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಆಮೇಲೆ ಅವ್ವನ ದನಿ:

"ಅದೆಲ್ಲಾ ಖರೆ. ಆ ಮರಿ ಹೊಟ್ಟಿ ತುಂಬ ಕುಡೀತೋ ಇಲ್ಲೋ, ಅದನ್ನ ಹೇಳಲೇ ಇಲ್ಲಲ್ಲಽ ನೀನು?"

ಕುಡಿಯಿತು ಅವ್ವಾ ಎಂದು ಬರೆಯಲು ಹೋದೆ. ಬರೆಯಲಿಲ್ಲ. ಸ್ಕೂಟಿ ತೆಗೆದುಕೊಂಡು, ಸಾವಕಾಶ, ಹೇಳಲಿಕ್ಕೆಂದು ಗೋರ್ಟಾಕ್ಕೇ ಹೋದೆ.