‘ಬನ್ನಿ’ ಎನ್ನದ ಆಯಮ್ಮ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ಮೂಲೆಕೋಣೆಯಲ್ಲಿ ಆಯಮ್ಮ ಹತ್ತಿಬಟ್ಟೆಯನ್ನು ತಮ್ಮ ಕೆನ್ನೆಗೆ ಒತ್ತಿ ಬಿಸಿ ನೋಡುತ್ತಾರೆ. ವಾರ ತುಂಬದ ಕೂಸನ್ನು ಅದರಲ್ಲಿ ಸುತ್ತುತ್ತಾರೆ. ಕೈ ಒಳಗೆ, ಕಾಲು ಒಳಗೆ, ಮುಖವಷ್ಟೇ ಹೊರಗೆ. ಔಷಧದ ಹನಿ ಬಿದ್ದು ಕಣ್ಣಪಾಪೆ ಅಗಲವಾಗಿದೆ. ಡಾಕ್ಟರಮ್ಮ ಹಣೆಯ ದೀಪ ಹೊತ್ತಿಸಿ ಬಾಗಿದ್ದೇ ತಡ, ಆಯಮ್ಮನ ಎರಡೂ ಅಂಗೈ ಕೂಸಿನ ತಲೆಯನ್ನು ಆಚೀಚೆ ಹಿಡಿಯುತ್ತವೆ. ಕೂಸು ಭೂಮಿ ಆಕಾಶ ಒಂದು ಮಾಡುತ್ತದೆ. ತಲೆ ಮಾತ್ರ ಅಲುಗದು.

“ಅತ್ರೆ ಗಂಟಲು ಚೆನ್ನಾಗಿದೆ ಅಂತ. ಅಲುಗಿದ್ರೆ ನನ್ನ ಮಾನ ಹೋಯ್ತು ಅಂತ,” ಎಂದು ಆಯಮ್ಮ ನಗುತ್ತಾರೆ.

ಇಲ್ಲಿಗೆ ಬರುವ ಕೂಸುಗಳ ತಾಯಂದಿರಿಗೆ ಬಸುರಿನಲ್ಲಿ ವೈರಸ್ ಜ್ವರ ಬಂದಿರುತ್ತದೆ. ಮೈ ಬಿಸಿಯಾಯಿತು, ನಾಲ್ಕು ಗಂಧೆ ಎದ್ದವು, ಹೋಯಿತು ಎಂದು ತಾಯಿ ಮರೆತಿರುತ್ತಾಳೆ. ಜ್ವರ ಮರೆತಿರುವುದಿಲ್ಲ. ಕೆಲವು ಕೂಸುಗಳ ಕಣ್ಣು ಹೊರಗೆ ತೊಳೆದ ದ್ರಾಕ್ಷಿಯ ಹಾಗೆ, ಒಳಗಿನ ಪರದೆಯಲ್ಲಿ ಕಲೆ. ಕೂಸು ಬಾಯಿಬಿಟ್ಟು ಹೇಳೀತೇ? ದೀಪ ಹಾಕಿಯೇ ಹುಡುಕಬೇಕು, ಬೇಗ ಹುಡುಕಬೇಕು. ತಲೆ ಹಿಡಿಯುವವರಿಲ್ಲದಿದ್ದರೆ ಆ ದೀಪವಾದರೂ ಏನು ಮಾಡೀತು!

ಆಯಮ್ಮನ ಕೈಗೆ ಒಳ್ಳೆಯ ಹೆಸರಿದೆ, ನಾಲಿಗೆಗೆ ಇಲ್ಲ. ಹೊರಟವರಿಗೆ ಲೋಕವೆಲ್ಲ “ಹೋಗಿ ಬನ್ನಿ” ಎಂದರೆ ಇವರು “ಹೋಗಿ” ಎಂದು ಬಾಗಿಲು ತೆರೆಯುತ್ತಾರೆ. ಅಜ್ಜಿಯೊಬ್ಬರು ಜಗಳಕ್ಕೇ ನಿಂತಿದ್ದರಂತೆ.

“ಹಸುಗೂಸಿಗೆ ಹೋಗು ಅಂತಾರೇನ್ರೀ? ನಿಮ್ಮ ಬಾಯಿಗಿಷ್ಟು ಬೆಂಕಿ ಹಾಕ!”

“ಕಣ್ಣು ಚೆನ್ನಾಗಿದ್ರೆ ಇಲ್ಲಿಗೆ ಮತ್ತೆ ಯಾಕಮ್ಮ ಬರ್ಬೇಕು? ಬನ್ನಿ ಅಂತ ನಾನ್ಯಾಕೆ ಕರೀಲಿ?”

ಅಜ್ಜಿ ಕೂಸಿಗೆ ಸೆರಗು ಹೊದಿಸಿಕೊಂಡು ಹೊರಟರಂತೆ.

ಆ ನಾಲಿಗೆ ಜಾರಿದ್ದು ಒಮ್ಮೆ, ಅದೂ ಸ್ವಂತ ಮಗಳ ಎದುರು. ಮಗಳಿಗೂ ಬಸುರಿನಲ್ಲಿ ಅದೇ ಜ್ವರ. ಮೊಮ್ಮಗಳ ತಲೆಯನ್ನೂ ಇವರೇ ಹಿಡಿದಿದ್ದರು. ಆಗ ಏನೂ ಕಂಡಿರಲಿಲ್ಲ. ಅಳಿಯನ ಊರಿಗೆ ರಾತ್ರಿಯಿಡೀ ರೈಲು. ಹೊರಡುವಾಗ ಕರುಳು ತಡೆಯದೆ “ಹೋಗಿ ಬಾ ಕಂದಾ” ಎಂದುಬಿಟ್ಟರು. ಕೆಲವೇ ತಿಂಗಳಲ್ಲಿ ಕೂಸಿನ ಎಡಗಣ್ಣು ಓರೆಯಾಗತೊಡಗಿತು. ಕರೆತಂದು ತೋರಿಸಿದರೆ, ಒಳಗೆ ಕಲೆ.

“ಬಾ ಅಂದೆ, ಬಂದೇ ಬಿಡ್ತು ನೋಡಿ,” ಎನ್ನುವಾಗ ಅವರ ದನಿ ತಗ್ಗುತ್ತದೆ. ಮಾತಿಗೂ ವೈರಸ್ಸಿಗೂ ಏನ್ರೀ ಸಂಬಂಧ ಎಂದು ಡಾಕ್ಟರಮ್ಮ ಗದರಿದ್ದುಂಟು. “ಸಂಬಂಧ ಇಲ್ಲ ಅಂತ ನಂಗೂ ಗೊತ್ತು. ಆದ್ರೂ ನಾಲಿಗೆ ನಂದಲ್ವಾ?”

ಚೆನ್ನಾಗಿರುವ ಬಲಗಣ್ಣಿಗೆ ಪಟ್ಟಿ ಹಾಕಿ, ಎಡಗಣ್ಣಿಗೆ ದುಡಿಯಲು ಕಲಿಸುವುದೇ ಚಿಕಿತ್ಸೆ. ಅದಕ್ಕಾಗಿ ಮಗಳು ಆಗಾಗ ಬರುತ್ತಾಳೆ. ಬಂದಾಗಲೆಲ್ಲ ಕೂಸು ಅಜ್ಜಿಯ ಮಗ್ಗುಲಲ್ಲೇ ಮಲಗುತ್ತದೆ. ಅವರು ಬಿಟ್ಟುಹೋದ ಕೂಸಿನ ಟೋಪಿಯನ್ನು ಆಯಮ್ಮ ಒಗೆಯುವುದಿಲ್ಲ. ಅದರ ವಾಸನೆ ಬೇಕು ಅವರಿಗೆ.

ಇವತ್ತು ಮೊಮ್ಮಗಳಿಗೆ ಮತ್ತೆ ತಪಾಸಣೆ. ಆಯಮ್ಮ ಬಟ್ಟೆ ತೆಗೆದುಕೊಳ್ಳುತ್ತಿದ್ದಂತೆ ಡಾಕ್ಟರಮ್ಮ ತಡೆಯುತ್ತಾರೆ. “ಹಿಡಿಯೋದು ಆಮೇಲೆ. ಮೊದ್ಲು ಸುಮ್ನೆ ನಿಮ್ಮ ಮುಖ ತೋರ್ಸಿ. ಮಾತಾಡ್ಬೇಡಿ.”

ಬಲಗಣ್ಣಿಗೆ ಪಟ್ಟಿ. ಆಯಮ್ಮ ಉಸಿರು ಬಿಗಿಹಿಡಿದು ತಮ್ಮ ಮುಖವನ್ನು ಮೆಲ್ಲಗೆ ಆಚೆಗೆ ಸರಿಸುತ್ತಾರೆ. ಎಡಗಣ್ಣು ಹಿಂದೆಯೇ ಬರುತ್ತದೆ. ಈಚೆಗೆ ಸರಿಸುತ್ತಾರೆ. ಬರುತ್ತದೆ! ಕೂಸು ನಕ್ಕು ಅಜ್ಜಿಯ ಮೂಗಿಗೇ ಕೈಹಾಕುತ್ತದೆ.

ಆಮೇಲೆ ದೀಪ ಹಾಕಿ ನೋಡಿದರೆ ಕಲೆಯೂ ಬೆಳೆದಿಲ್ಲ. “ಇನ್ನು ಇಷ್ಟು ದೂರ ಅಲೆಯೋದು ಬೇಡ. ಪಟ್ಟಿ ಮುಂದುವರಿಸಿ, ನಿಮ್ಮೂರಲ್ಲೇ ತೋರಿಸ್ಕೊಳ್ಳಿ,” ಎನ್ನುತ್ತಾರೆ ಡಾಕ್ಟರಮ್ಮ. ಆಯಮ್ಮ ಕೈಮುಗಿಯುತ್ತಾರೆ. ಬೇಡಿಕೊಂಡದ್ದು ಇದನ್ನೇ. ಆದರೂ ಕೂಸಿನ ಟೋಪಿಯನ್ನು ಮೆಲ್ಲಗೆ ಬಿಚ್ಚಿ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ಬಾಗಿಲಲ್ಲಿ ಮಗಳು ನಿಲ್ಲುತ್ತಾಳೆ. “ಬರ್ತೀನಮ್ಮ. ಈ ಸಲನಾದ್ರೂ ಬಾ ಅನ್ನು. ಕಣ್ಣಿಗಲ್ಲ, ನಿನ್ನ ನೋಡೋಕೆ.”

“ಮನೆ ಬಾಗಿಲಲ್ಲಿ ಸಾವಿರ ಸಲ ಅಂತೀನಿ ಮಗಳೇ. ಈ ಬಾಗಿಲಲ್ಲಿ ಬೇಡ. ಹೋಗು.”

ಮಗಳ ಹೆಗಲ ಮೇಲಿಂದ ಕೂಸು ಹಿಂದಕ್ಕೇ ನೋಡುತ್ತಿದೆ, ತಿರುವು ದಾಟುವವರೆಗೂ.

“ನೋಡ್ಕೊಂಡೇ ಹೋಗ್ತಿದೆ ನೋಡಿ,” ಎನ್ನುತ್ತಾರೆ ಆಯಮ್ಮ. “ಹೋಗ್ಲಿ. ಬಾ ಅನ್ನೋದು ಬಾಯಿ ತುದೀಲೇ ಇದೆ. ಇರ್ಲಿ.”