ನೆಲದ ಮೇಲೆ ಕೂತು ಕಂಡ ಕೊಡ

ನಮ್ಮ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಅಕ್ಕೋರಿಗೆ ಎಡಗಣ್ಣಿನ ಸುತ್ತ ಮಾತ್ರ ಸುಕ್ಕು ಜಾಸ್ತಿ. ಪೆನ್ಸಿಲನ್ನು ಕೈಚಾಚಿ ಹಿಡಿದು, ಆ ಕಣ್ಣು ಮುಚ್ಚಿ, ಎದುರಿನ ತಂಬಿಗೆಯನ್ನೋ ಬದನೆಕಾಯಿಯನ್ನೋ ಅಳೆದೂ ಅಳೆದೂ ಬಿದ್ದ ಸುಕ್ಕು. ಕುಮಟೆಯ ಮೀನುಪೇಟೆಯಲ್ಲೂ ಹಾಗೇ ನೋಡುತ್ತಿದ್ದರು. "ಅಕ್ಕೋರೇ, ಬಂಗಡೆ ತಿನ್ನೂಕಾ, ಬರೆಯೂಕಾ?" ಎಂದು ಮೀನಿನವಳು ಕೇಳುತ್ತಿದ್ದಳು.

ಮಕ್ಕಳ ಹಾಳೆಯನ್ನು ಅವರು ಮುಟ್ಟಿ ತಿದ್ದಿದ್ದನ್ನು ನಾನು ಕಾಣೆ. ಚಿತ್ರ ಮುಗಿಯಿತೆಂದರೆ ಗೋಡೆಯ ಕನ್ನಡಿಗೆ ಹಿಡಿಸುತ್ತಿದ್ದರು. ನೆಟ್ಟಗಿದೆ ಎಂದು ನಂಬಿದ್ದ ಕೊಡ ಕನ್ನಡಿಯಲ್ಲಿ ವಾಲಿಕೊಂಡಿರುತ್ತಿತ್ತು. ಆಮೇಲೆ ಹಾಳೆ ತಲೆಕೆಳಗು. ಆಮೇಲೆ ಗೆರೆ ನೆಟ್ಟಗಿದೆಯೇ ಎಂದು ನೋಡಲು ಸೀಸದ ಗುಂಡು ಕಟ್ಟಿದ ದಾರ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಾಯಿ ಬಲಿತಿದ್ದ ನಾನು ಕೇಳಿದೆ: "ನನ್ನ ಕಣ್ಣಿಗೆ ಹೀಗೇ ಕಾಣ್ತದೆ. ತಪ್ಪು ಅಂತ ನೀವು ಹೇಗೆ ಹೇಳ್ತ್ರಿ?"

"ನಾ ಎಂತಕೆ ಹೇಳ್ಲಿ? ದಾರ ಹಿಡಿ. ಅದ್ರ ಹತ್ರ ವಾದ ಮಾಡು."

ದಾರ ಹಿಡಿದೆ; ಕೊಡ ವಾಲಿಯೇ ಇತ್ತು. ನಾನು ಸೋತ ಮೊದಲ ಚರ್ಚೆ ಅದು.

ಹೊನ್ನಾವರದಲ್ಲಿ ಶಾಲೆಗಳ ಚಿತ್ರಸ್ಪರ್ಧೆ ಬಂತು. ಗೆದ್ದವರು ಜಿಲ್ಲಾಮಟ್ಟಕ್ಕೆ, ಕಾರವಾರಕ್ಕೆ. ಗೆಲ್ಲದಿದ್ದರೆ ಚಿತ್ರ ಬಿಟ್ಟು ಗಣಿತದ ಟ್ಯೂಷನ್ ಎಂದು ಅಪ್ಪ ಹೇಳಿಯಾಗಿತ್ತು. ಎತ್ತರದ ಮೇಜಿನ ಮೇಲೆ ಕೊಡ, ನಾವು ನೆಲದ ಮೇಲೆ. ಕೆಳಗಿನಿಂದ ಕೊಡದ ಬಾಯಿ ಕಾಣುವುದಿಲ್ಲ, ಅಂಚು ಮಾತ್ರ. ಅಂಚನ್ನೇ ಬರೆದೆ. ತೀರ್ಪುಗಾರರು ನಿಂತಲ್ಲಿಂದಲೇ ನೋಡಿ, "ಕೊಡಕ್ಕೆ ಬಾಯೇ ಇಲ್ಲ" ಎಂದು ಹಾಳೆ ಬದಿಗಿಟ್ಟರು.

"ಸರ್, ಹುಡುಗಿ ಕೂತಲ್ಲಿ ಕೂತು ನೋಡಿ," ಎಂದರು ಅಕ್ಕೋರು.

"ನನಗೆ ಕಲಿಸಬೇಡಿ, ಮೇಡಂ."

ಅಕ್ಕೋರು ಸೀರೆಯ ನೆರಿಗೆ ಒಟ್ಟುಮಾಡಿಕೊಂಡು ನನ್ನ ಜಾಗದಲ್ಲಿ ತಾವೇ ಕೂತರು. "ಆತು. ನೀವು ಬಂದು ನೋಡೂ ತನಕ ನಾ ಏಳೂದಿಲ್ಲ."

ತೀರ್ಪುಗಾರರು ಬರಲಿಲ್ಲ. ಹೊರಗೆ ಬಹುಮಾನ ಹಂಚಿದ ಚಪ್ಪಾಳೆ ಕೇಳಿತು. ಕೋಣೆಗೆ ಬೀಗ ಹಾಕುವವನು ಬಂದ ಮೇಲೇ ಅಕ್ಕೋರು ಎದ್ದದ್ದು.

ಬಸ್ಸಿನಲ್ಲಿ ನಾನು ಕಿಟಕಿಗೆ ಮುಖ ಮಾಡಿ ಕೂತಿದ್ದೆ. "ಬಾಯಿ ಸರಿ ಉಂಟು," ಎಂದರು ಅಕ್ಕೋರು. "ಕೊಡದ್ದು ಎಡಗಡೆ ಹೊಟ್ಟೆ ಉಬ್ಬಿಸಿದ್ದೆ ನೀನು. ಅದು ಅವ್ರಿಗೂ ಕಾಣ್ಲಿಲ್ಲ, ನಿಂಗೂ ಕಾಣ್ಲಿಲ್ಲ."

"ಮತ್ತೆ ಅಲ್ಲಿ ಎಂತಕೆ ಹೇಳ್ಲಿಲ್ಲ?"

"ಅವ್ರು ತಪ್ಪು ಹೇಳಿದ್ದು ಬಾಯಿ ಬಗ್ಗೆ ಮಾರಾಯ್ತಿ."

ಆ ಹೊಟ್ಟೆಯನ್ನು ಸರಿಮಾಡದೆ ಬಿಡುವುದು ನನ್ನಿಂದಾಗಲಿಲ್ಲ. ಟ್ಯೂಷನ್ನಿಗೂ ಹೋದೆ, ಮನೆಯಲ್ಲಿ ಬೈಸಿಕೊಂಡು ಚಿತ್ರವನ್ನೂ ಮುಂದುವರಿಸಿದೆ. ಇಂದಿಗೂ ಬರೆದದ್ದನ್ನು ಯಾರಿಗೂ ತೋರಿಸಿ "ಹೇಗಿದೆ?" ಎಂದು ಕೇಳುವುದಿಲ್ಲ, ಮೊದಲು ನಾನೇ ಕನ್ನಡಿಗೆ, ದಾರಕ್ಕೆ ಹಿಡಿದು ನೋಡುತ್ತೇನೆ. ಈ ಅಭ್ಯಾಸ ಅವರದು.

ಈ ವರ್ಷ ಅಕ್ಕೋರು ತೀರಿಕೊಂಡರು. ಸಂತಾಪಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಅವರನ್ನು ಸಹನಾಮೂರ್ತಿ, ಯಾರಿಗೂ ಎದುರಾಡದವರು ಎಂದರು. ನಾನು ಎದ್ದು ಹೋಗಿ ಮೈಕು ಹಿಡಿದೆ. ಅವರಿಗೆ ಸಹನೆ ಇರಲಿಲ್ಲ, ಅತಿಯಾಗಿ ಅಳಿಸುವವರ ರಬ್ಬರನ್ನು ಕಿಟಕಿಯಾಚೆ ಎಸೆಯುತ್ತಿದ್ದರು, ದೊಡ್ಡವರಿಗೂ ಎದುರಾಡುತ್ತಿದ್ದರು ಎಂದೆ.

"ಸತ್ತವರ ಬಗ್ಗೆ ಹೀಗೆಲ್ಲ ಹೇಳೂದಲ್ಲ," ಎಂದು ಮುಂದಿನ ಸಾಲಿನಿಂದ ಒಬ್ಬರು ಗದರಿದರು.

"ಮತ್ತೆ ಸುಳ್ಳು ಹೇಳೂದಾ?"

ಯಾರೋ ಮೈಕು ಬಂದ್ ಮಾಡಿದರು. ಮೈಕಿಲ್ಲದಿದ್ದರೂ ನನಗೆ ಗಂಟಲಿತ್ತು. ಮುಂದುವರಿಸಿದೆ.